ಹೊಲದ ಬಿಸಿಲು–ಗಾಳಿಯನ್ನು ಅಳೆದು ನೋಡಿರಿ



ನವಲಗುಂದ, ಅಣ್ಣಿಗೇರಿ ತಾಲ್ಲೂಕುಗಳ ಎರೆಹೊಲಗಳಲ್ಲಿ ಆಷಾಢದ ಗಾಳಿ ಎಷ್ಟು ಬಿರುಸೆಂಬುದು ತಮಗೆಲ್ಲ ತಿಳಿದದ್ದೇ. ನೆರೆಯ ಗದಗ ಜಿಲ್ಲೆಯ ಕಪ್ಪತಗುಡ್ಡದ ಸೀಮೆಯಲ್ಲಿ ತಿರುಗುವ ಗಾಳಿಯಂತ್ರಗಳನ್ನು ಕಂಡವರಿಗೆ ತಮ್ಮ ಹೊಲದಲ್ಲೂ ಒಂದಿರಲೆಂಬ ಆಸೆ ಹುಟ್ಟುವುದು ಸಹಜ. ಆದರೆ ಸಾಲ ಮಾಡಿ ಹಣ ಹೂಡುವ ಮುನ್ನ ಅಳತೆ ಅವಶ್ಯ.

ಗಾಳಿಯ ವೇಗ ಇಮ್ಮಡಿಯಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ; ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೇ ಒಂದು ಪಾಲು ಮಾತ್ರ. ಆದ್ದರಿಂದ ಅಂದಾಜು ಸಾಲದು. ವೇಗಮಾಪಕವನ್ನಿಟ್ಟು ಒಂದು ಪೂರ್ಣ ವರ್ಷದ ಲೆಕ್ಕ ಬರೆದಿಡಬೇಕು. ಯಂತ್ರದ ಚಕ್ರವು ಸುತ್ತಲಿನ 100 ಮೀಟರಿನೊಳಗಿನ ಗಿಡಮರಗಳಿಗಿಂತ ಕನಿಷ್ಠ 10 ಮೀಟರ್ ಮೇಲಿರಬೇಕು. ಮರಗಳು ದಟ್ಟವಾಗಿರುವ ಕಲಘಟಗಿಯ ಕಡೆ ಇದು ಸುಲಭವಲ್ಲ.

ಎಲ್ಲಕ್ಕಿಂತ ಮುಖ್ಯವಾದುದು, ಶಕ್ತಿ ಯಾವ ತಿಂಗಳಲ್ಲಿ ಬೇಕು ಎಂಬುದು. ಗಾಳಿ ಬಲವಾಗಿರುವುದು ಜೂನ್‌ದಿಂದ ಸೆಪ್ಟೆಂಬರ್‌ವರೆಗೆ. ಆಗ ಮಳೆಯ ಕಾಲ. ಹಿಂಗಾರಿ ಕಡಲೆಗೆ ನೀರು ಬೇಕಾಗುವುದು ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ. ಆ ಹೊತ್ತಿಗೆ ಮುಂಗಾರಿನ ಗಾಳಿ ತಗ್ಗಿ, ಆಕಾಶ ತಿಳಿಯಾಗಿರುತ್ತದೆ. ಅಂತರ್ಜಲ ಬಹುಕಡೆ ಸವುಳಾಗಿರುವ ಈ ಭಾಗದಲ್ಲಿ ಕೃಷಿಹೊಂಡದ ಮಳೆನೀರೇ ಆಧಾರ. ಅದನ್ನೆತ್ತಲು ಬಿಸಿಲೇ ಒಳ್ಳೆಯ ಜೊತೆ.

ಲೆಕ್ಕ ಹೀಗಿದೆ. ಎಕರೆಗೆ 5 ಸೆಂಟಿಮೀಟರ್ ನೀರು ಹಾಯಿಸಲು ಸುಮಾರು 2 ಲಕ್ಷ ಲೀಟರ್ ಬೇಕು. ಕೊಳವೆಯ ಘರ್ಷಣೆಯೂ ಸೇರಿ ಎತ್ತರ 10 ಮೀಟರ್ ಇದ್ದರೆ, ಸಾಧಾರಣ ಪಂಪಿಗೆ ಲಕ್ಷ ಲೀಟರಿಗೆ ಸುಮಾರು 7 ಯೂನಿಟ್ ವಿದ್ಯುತ್ತು ತಗಲುತ್ತದೆ. ತಿಳಿಬಿಸಿಲಿನಲ್ಲಿ 1 ಕಿಲೋವ್ಯಾಟ್ ಸೌರಫಲಕ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅಂದರೆ 2 ಕಿಲೋವ್ಯಾಟ್ ಫಲಕವಿದ್ದರೆ ಎರಡು ದಿನಗಳಲ್ಲಿ ಒಂದು ಎಕರೆ ತೊಯ್ಯುತ್ತದೆ. ಹೂ ಬಿಡುವ ಮುನ್ನ ಅಥವಾ ಕಾಯಿ ಕಟ್ಟುವಾಗ ಸಿಗುವ ಈ ಒಂದು ನೀರು ಎಷ್ಟೋ ಸಲ ಬೆಳೆಯನ್ನೇ ಉಳಿಸುತ್ತದೆ.

ಫಲಕಗಳನ್ನು ದಕ್ಷಿಣಕ್ಕೆ ಮುಖಮಾಡಿ ಸುಮಾರು 15 ಡಿಗ್ರಿ ಓರೆಯಾಗಿ ಕೂಡಿಸಬೇಕು, ನೆರಳು ಬೀಳಬಾರದು. ಎರೆಮಣ್ಣಿನ ಧೂಳು ಕೂತರೆ ಉತ್ಪಾದನೆ ಕುಗ್ಗುವುದರಿಂದ ಆಗಾಗ ತೊಳೆಯಬೇಕು. ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ. ಕಂಬಗಳ ಬುನಾದಿ ಆಳವಾಗಿರಲಿ.

ಪ್ರಧಾನಮಂತ್ರಿ ಕುಸುಮ್ ಯೋಜನೆ 2019ರಲ್ಲಿ ಆರಂಭವಾಗಿ ಸೌರ ಪಂಪುಗಳಿಗೆ ಸಹಾಯಧನದ ದಾರಿ ತೆರೆಯಿತು. ಆದರೂ ಅರ್ಜಿಗೆ ಮುನ್ನ ಹೊಂಡದ ನೀರು, ಎತ್ತುವ ಎತ್ತರ, ಬೆಳೆಯ ತಿಂಗಳು ಈ ಮೂರನ್ನೂ ಬರೆದುಕೊಳ್ಳಿರಿ. ಅಳೆದು ಕೊಂಡ ಯಂತ್ರ ದುಡಿಯುತ್ತದೆ. ನೋಡಿ ಮೆಚ್ಚಿ ಕೊಂಡದ್ದು ಹೊಲದಲ್ಲಿ ನಿಂತೇ ಇರುತ್ತದೆ.