ಕಂಡದ್ದನ್ನು ಒಪ್ಪಿಸುವುದು

2014ರಲ್ಲಿ ಬಂದ ‘ಎಲೀಟ್ ಡೇಂಜರಸ್’ ಎಂಬ ವಿಡಿಯೋ ಗೇಮಿಗೆ ನಮ್ಮ ಆಕಾಶಗಂಗೆಯೇ ಬಯಲು. ಅದರಲ್ಲಿ ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳಿವೆ. ನೂರಕ್ಕೆ ಒಂದನ್ನೂ ಆಟಗಾರರು ಮುಟ್ಟಿಲ್ಲ. ಮೊದಲು ತಲುಪಿ, ಸ್ಕ್ಯಾನ್ ಮಾಡಿ, ಮಾಹಿತಿಯನ್ನು ನಿಲ್ದಾಣಕ್ಕೆ ಒಪ್ಪಿಸಿದವರ ಹೆಸರು ಆ ನಕ್ಷತ್ರದ ಪಕ್ಕ ಉಳಿಯುತ್ತದೆ. ದಾರಿಯಲ್ಲೇ ನೌಕೆ ಸಿಡಿದರೆ ಕಂಡದ್ದೆಲ್ಲ ನೀರುಪಾಲು.

ಕಂಡದ್ದನ್ನು ಒಪ್ಪಿಸುವುದು ಆಟದಲ್ಲಷ್ಟೇ ಮುಖ್ಯವಲ್ಲ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹೊರಗೆ, ರಾತ್ರಿಯಲ್ಲಿ, ಬ್ರಿಟಿಷ್ ಪಡೆಯೊಂದು ದಿಕ್ಕು ತಪ್ಪಿ ಟಿಪ್ಪು ಸುಲ್ತಾನನ ಸೈನ್ಯದತ್ತಲೇ ನಡೆದಿತ್ತು. ನಕ್ಷತ್ರ ನೋಡಿ ಅದನ್ನು ಹೇಳಿದವನು ಆ ಪಡೆಯಲ್ಲೇ ಇದ್ದ ಅಧಿಕಾರಿ ವಿಲಿಯಂ ಲ್ಯಾಂಬ್ಟನ್. 1802ರಲ್ಲಿ ಭಾರತವನ್ನು ತ್ರಿಕೋನಗಳಲ್ಲಿ ಅಳೆಯಲು ಹೊರಟವನೂ ಅವನೇ.

ಕಂಡವನು ಹೇಳಿದರೆ ತಾನೇ ಕಂಡದ್ದಕ್ಕೆ ಬೆಲೆ? ಪಾಂಡವಪುರದಲ್ಲಾಗಲಿ, ನಾಗಮಂಗಲದಲ್ಲಾಗಲಿ, ಇಂಥ ಆಟದಲ್ಲಿ ಮುಳುಗಿದ ಮಕ್ಕಳನ್ನು ಗದರುವ ಮೊದಲು ‘ಏನು ಕಂಡೆ?’ ಎಂದು ಕೇಳೋಣ. ಸಂಜೆ ತಾರಸಿಗೆ ಕರೆದು ಧ್ರುವನಕ್ಷತ್ರ ತೋರಿಸೋಣ. ಉತ್ತರ ಯಾವ ಕಡೆ ಎಂದು ಅವರೇ ಹೇಳಲಿ.