ದೊಡ್ಡಮ್ಮ, ಅದು ಗೇಮು

ಇವತ್ತು ರಾಜಕೀಯ ಸ್ವಲ್ಪ ಪಕ್ಕಕ್ಕಿಡೋಣ. ಒಂದು ಫೋನ್ ಕರೆಯ ವಿಷಯ ಹೇಳ್ಬೇಕು. ಹೇಳೋಕೆ ತಡ ಆಯ್ತು, ಅದೂ ನನ್ನದೇ ತಪ್ಪು.

2025ರ ಮೇ ತಿಂಗಳು. 7ನೇ ತಾರೀಕು ಆಪರೇಷನ್ ಸಿಂಧೂರ ಶುರುವಾಗಿ, 10ನೇ ತಾರೀಕು ಕದನ ವಿರಾಮ ಆಯ್ತಲ್ಲ, ಆ ನಾಲ್ಕು ದಿನ. ನಮ್ಮ ಆಫೀಸಿಗೆ ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯಿಂದ ಒಬ್ಬ ತಾಯಿ ಫೋನ್ ಮಾಡಿದ್ರು. ಮಗ ಸೇನೆಯಲ್ಲಿ, ಟ್ಯಾಂಕ್ ರೆಜಿಮೆಂಟಿನಲ್ಲಿದ್ದಾನೆ. ಎರಡು ದಿನದಿಂದ ಅವನ ಫೋನ್ ಸ್ವಿಚ್ ಆಫ್. ಆಯಮ್ಮ ಕೇಳಿದ ಪ್ರಶ್ನೆ ಇಷ್ಟೇ: "ಸಾರ್, ನಿಮ್ ಟೀವೀಲಿ ಒಂದು ಟ್ಯಾಂಕು ಸುಟ್ಟೋಗೋದು ತೋರಿಸಿ ಶತ್ರುಗಳದ್ದು ಅಂದ್ರಿ. ಅದೇ ವಿಡಿಯೋ ವಾಟ್ಸಾಪ್‌ನಾಗೆ ಬಂದೈತೆ, ಅದ್ರಾಗೆ ನಮ್ಮೋರ ಟ್ಯಾಂಕು ಅಂತ ಬರ್ದವ್ರೆ. ಯಾವ್ದು ಸಾರ್ ನಿಜ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಉತ್ತರ ಇದ್ದದ್ದು ಅವರ ಮನೆಯಲ್ಲೇ. ಪಕ್ಕದಲ್ಲಿ ಕೂತಿದ್ದ ತಂಗಿ ಮಗ ಫೋನಿನಲ್ಲಿ ಕೇಳೋ ಹಂಗೆ ಹೇಳ್ದ: "ದೊಡ್ಡಮ್ಮ, ಎರಡೂ ಸುಳ್ಳು. ಅದು ಗೇಮು."

ಹುಡುಗನಿಗೆ ಫೋನ್ ಕೊಡಿ ಅಂದೆ. ಪಿಯುಸಿ ಮುಗಿಸಿದ್ದಾನೆ. ಹೆಂಗಪ್ಪಾ ಗೊತ್ತಾಯ್ತು ನಿಂಗೆ ಅಂದ್ರೆ ಪಟಪಟ ಅಂತ ಹೇಳ್ದ. ಒಂದು, ಆ ಕ್ಷಿಪಣಿ ಬಿಡೋ ಯಂತ್ರ ಅಮೆರಿಕದ ಟೋ. ಅದು ಪಾಕಿಸ್ತಾನದ ಹತ್ರ ಇದೆ, ನಮ್ಮ ಸೇನೆಯಲ್ಲಿಲ್ಲ. ನಮ್ಮದು ಮಿಲನ್, ಕಾಂಕುರ್ಸ್. ಹಂಗಿದ್ಮೇಲೆ ನಮ್ಮ ಜವಾನರು ಅದನ್ನ ಹೊಡೆದರು ಅಂತ ನೀವು ಹಾಕಿದ್ದು ಹೆಂಗೆ? ಎರಡು, ಕ್ಷಿಪಣಿ ಹಾರ್ತಾ ಹಾರ್ತಾ ಗೋಡೆ ಬಳಸಿ ಸರಕ್ಕಂತ ತಿರುಗುತ್ತೆ. "ಸಾರ್, ಅದು ಮೌಸ್ ಆಡಿಸಿರೋದು. ನಿಜವಾದ ತಂತಿ ಕ್ಷಿಪಣಿ ಹಂಗೆಲ್ಲ ಕುಣಿಯಲ್ಲ." ಮೂರು, ಪರದೆಯ ಮೂಲೆಯಲ್ಲಿ ಗುಂಡಿನ ಲೆಕ್ಕ ತೋರಿಸೋ ಅಂಕಿ ಅರ್ಧ ಕತ್ತರಿಸಿ ಹೋಗಿದೆ, ಇನ್ನರ್ಧ ಉಳಿದುಕೊಂಡಿದೆ.

ಅದು ಇಪ್ಪತ್ತು ಸೆಕೆಂಡಿನ ಕ್ಲಿಪ್. ನಮ್ಮ ಡೆಸ್ಕಿನಲ್ಲಿ ಎಷ್ಟು ಜನರ ಕಣ್ಣ ಮುಂದೆ ಹಾದುಹೋಗಿತ್ತು ಗೊತ್ತಾ? ನನ್ನದೂ ಸೇರಿ. ಅದಕ್ಕೆ 'ಎಕ್ಸ್‌ಕ್ಲೂಸಿವ್' ಅಂತ ಪಟ್ಟಿ ಬೇರೆ ಕಟ್ಟಿದ್ವಿ.

ಈ ತಂತಿ ಕ್ಷಿಪಣಿ ಅಂದ್ರೇನು ಅಂತ ಆ ರಾತ್ರಿ ಕೂತು ಓದಿದೆ. ಆಷಾಢದಲ್ಲಿ ಗಾಳಿಪಟ ಬಿಡ್ತೀವಲ್ಲ, ಹಂಗೇ ಕ್ಷಿಪಣಿಯ ಹಿಂದೆ ಕೂದಲೆಳೆಯಂಥ ತಂತಿ ಬಿಚ್ಕೊಳ್ತಾ ಹೋಗುತ್ತೆ. ಆದರೆ ಗಾಳಿಪಟದ ದಾರ ಎಳೆಯೋಕೆ, ಇದು ಎಳೆಯೋಕಲ್ಲ. ಈ ತಂತಿಯಲ್ಲಿ ಹೋಗೋದು ಸಂದೇಶ: ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ. ಇನ್ನೂ ಸರಿಯಾದ ಹೋಲಿಕೆ ಬೇಕಾದ್ರೆ ರೇಷ್ಮೆ ಗೂಡು ನೆನಪಿಸಿಕೊಳ್ಳಿ. ಒಂದು ಪುಟ್ಟ ಗೂಡಿನೊಳಗೆ ಕಿಲೋಮೀಟರ್‌ವರೆಗೂ ಎಳೆ ಇರುತ್ತಲ್ಲ, ಹಂಗೆ ತಂತಿಯ ಸುರುಳಿ ಕ್ಷಿಪಣಿಯ ಹೊಟ್ಟೆಯಲ್ಲೇ ಇರುತ್ತೆ.

ಮೊದಲ ತಲೆಮಾರಿನ ಇಂಥ ಕ್ಷಿಪಣಿಗಳಲ್ಲಿ ಸೈನಿಕನ ಕೈಯಲ್ಲಿ ಒಂದು ಜಾಯ್‌ಸ್ಟಿಕ್ ಇರ್ತಿತ್ತು. ಹೌದು, ಗೇಮಿನಲ್ಲಿರೋದೇ. ಹೈದರಾಬಾದಿನ ಭಾರತ್ ಡೈನಾಮಿಕ್ಸ್ 1970ರಲ್ಲಿ ಶುರುವಾದಾಗ ಮೊದಲು ತಯಾರಿಸಿದ್ದು ಫ್ರಾನ್ಸಿನ ಎಸ್‌ಎಸ್-11 ಅನ್ನೋ ಇಂಥದ್ದೇ ಕ್ಷಿಪಣಿ. ಟ್ಯಾಂಕನ್ನೂ ನೋಡ್ಬೇಕು, ಹಾರ್ತಿರೋ ಕ್ಷಿಪಣಿಯನ್ನೂ ನೋಡ್ಬೇಕು, ಕೈಯಲ್ಲಿ ಕೋಲು ಆಡಿಸಿ ಎರಡನ್ನೂ ಒಂದು ಮಾಡ್ಬೇಕು. ಅದನ್ನ ಕಲಿಯೋಕೆ ಸೈನಿಕರು ಮತ್ತೆ ಮತ್ತೆ ಸಿಮ್ಯುಲೇಟರ್ ಮುಂದೆ ಕೂರಬೇಕಿತ್ತು. ಆಟ ಆಡೋ ಹುಡುಗರನ್ನ ನೋಡಿ ಮೂಗು ಮುರಿಯೋರಿಗೆ ಇದನ್ನ ಹೇಳಿ ಬಿಡ್ತೀನಿ.

ಆಮೇಲೆ ಬಂದ ಮಿಲನ್, ಕಾಂಕುರ್ಸ್‌ಗಳಲ್ಲಿ ಕೆಲಸ ಸ್ವಲ್ಪ ಸುಲಭ ಆಯ್ತು. ಸೈನಿಕ ದುರ್ಬೀನಿನ ಅಡ್ಡಗೆರೆಯನ್ನ ಟ್ಯಾಂಕಿನ ಮೇಲೆ ಇಟ್ಟುಕೊಂಡಿದ್ರೆ ಸಾಕು, ಮಿಕ್ಕಿದ್ದನ್ನ ಯಂತ್ರವೇ ಲೆಕ್ಕ ಹಾಕಿ ತಂತಿಯಲ್ಲಿ ಕಳಿಸುತ್ತೆ. ಮಿಲನ್ 2 ಕಿಲೋಮೀಟರ್ ಹೋಗುತ್ತೆ, ಕಾಂಕುರ್ಸ್ 4 ಕಿಲೋಮೀಟರ್. ಮಿಲನ್ ಆ 2 ಕಿಲೋಮೀಟರ್ ದಾಟೋಕೆ ಸುಮಾರು 12 ಸೆಕೆಂಡು ಬೇಕು.

12 ಸೆಕೆಂಡು ಅಂದ್ರೆ ಏನು ಮಹಾ ಅಂತೀರಾ? ನಿಮ್ಮ ಪುರವರದ ಕಡೆಯವರು ಮೈದನಹಳ್ಳಿ ಕೃಷ್ಣಮೃಗಗಳ ಬಯಲು ನೋಡಿರ್ತೀರಿ. ಮರೆ ಅನ್ನೋದು ಇಲ್ಲದ ಹುಲ್ಲುಗಾವಲು. ಅಂಥ ಬಯಲಿನ ಒಂದು ತುದಿಯಲ್ಲಿ ನೀವು ಮಲಗಿದ್ದೀರಿ. ಕ್ಷಿಪಣಿ ಬಿಟ್ರಿ. ಹೊಗೆ, ಧೂಳು ಎದ್ದು ನೀವಿರೋ ಜಾಗ ಊರಿಗೆಲ್ಲ ಗೊತ್ತಾಯ್ತು. ಎದುರಿನ ಟ್ಯಾಂಕು ನಿಮ್ಮ ಕಡೆ ತಿರುಗ್ತಾ ಇದೆ. ನೀವು ಓಡೋ ಹಂಗಿಲ್ಲ, ತಲೆ ಬಗ್ಗಿಸೋ ಹಂಗಿಲ್ಲ, ಅಡ್ಡಗೆರೆ ಅಲ್ಲಾಡೋ ಹಂಗಿಲ್ಲ. ಒಂದು, ಎರಡು, ಮೂರು ಅಂತ 12 ಎಣಿಸಿ ನೋಡಿ. ನಾನು ಸ್ಟುಡಿಯೋದಲ್ಲಿ ಕೂತು ಎಣಿಸಿದೆ. ಏಳಕ್ಕೇ ಬಾಯಿ ಒಣಗ್ತು.

1973ರ ಅಕ್ಟೋಬರ್ ಯುದ್ಧದಲ್ಲಿ ಇದೇ ನಡೀತು. ಈಜಿಪ್ಟಿನ ಸೈನಿಕರು ಸೋವಿಯತ್ ನಿರ್ಮಿತ ತಂತಿ ಕ್ಷಿಪಣಿ ಹಿಡಿದು ಸಿನಾಯ್ ಮರಳಿನಲ್ಲಿ ಕೂತಿದ್ರು. ಮೊದಲ ದಿನಗಳಲ್ಲಿ ಇಸ್ರೇಲಿನ ಟ್ಯಾಂಕುಗಳು ಸಾಲುಸಾಲಾಗಿ ಹೋದ್ವು. ಆಮೇಲೆ ಇಸ್ರೇಲಿನವರು ಗುಟ್ಟು ಕಂಡುಕೊಂಡ್ರು. ಹಾರ್ತಿರೋ ಕ್ಷಿಪಣಿಯ ತಂಟೆಗೆ ಹೋಗ್ಬೇಡ, ಬಿಟ್ಟವನು ಕೂತಿರೋ ಜಾಗಕ್ಕೆ ಗುಂಡಿನ ಮಳೆ ಸುರಿಸು. ಅವನ ಕೈ ಅಲ್ಲಾಡಿದ್ರೆ ಕ್ಷಿಪಣಿಗೆ ದಾರಿ ತಪ್ಪುತ್ತೆ.

ಈಗ ಗೇಮಿಗೆ ಬನ್ನಿ. ಬ್ಯಾಟಲ್‌ಫೀಲ್ಡ್ ಸರಣಿಯಲ್ಲಿ 2005ರಿಂದಲೇ ಟೋ ಇದೆ. ಆ ಪುರವರದ ಹುಡುಗ ಆಡೋದು ಸ್ನೇಹಿತನ ಹಳೇ ಕಂಪ್ಯೂಟರಿನಲ್ಲಿ. ಅವನ ಪ್ರಕಾರ ಅದರ ಮಜಾನೇ ಬೇರೆ, ಯಾಕಂದ್ರೆ ಬಿಟ್ಟು ಸುಮ್ನೆ ಕೂರೋ ಹಂಗಿಲ್ಲ, ಗುರಿ ಮುಟ್ಟೋವರೆಗೂ ಕ್ಷಿಪಣಿಯನ್ನ ಮೌಸಿನಲ್ಲಿ ನಡೆಸ್ಕೊಂಡು ಹೋಗ್ಬೇಕು. ಹಾರೋ ಹೆಲಿಕಾಪ್ಟರನ್ನೂ ಹೊಡೀಬಹುದಂತೆ. ಆದರೆ ಆ ಹೊತ್ತಲ್ಲಿ ಮರೆಯಲ್ಲಿದ್ದ ಯಾವನೋ ಬಂದು ಇವನನ್ನೇ ಹೊಡೆದು ಹೋಗ್ತಾನೆ. "ಅಲ್ಲಿ ಸತ್ರೆ ಸ್ವಲ್ಪ ಹೊತ್ತಿಗೇ ಮತ್ತೆ ಏಳ್ತೀವಿ ಸಾರ್" ಅಂದ. ಅವನು ಅಗ್ನಿವೀರ್ ಆಗ್ಬೇಕು ಅಂತ ಬೆಳಗಿನ ಜಾವ ರಸ್ತೆಯಲ್ಲಿ ಓಡ್ತಾನೆ. 1.6 ಕಿಲೋಮೀಟರ್ 5 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಿದ್ರೆ ಪೂರ್ತಿ ಅಂಕ. ಗೇಮಿಗೂ ಸೈನ್ಯಕ್ಕೂ ಇರೋ ವ್ಯತ್ಯಾಸ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು.

ಗೊತ್ತಿಲ್ಲದೇ ಇರೋದು ನಮಗೆ, ನ್ಯೂಸ್ ಚಾನೆಲ್‌ನವರಿಗೆ. 2021ರ ಸೆಪ್ಟೆಂಬರಿನಲ್ಲಿ ಅಫ್ಘಾನಿಸ್ತಾನದ ಪಂಜ್‌ಶೀರ್ ಮೇಲೆ ವಿಮಾನ ದಾಳಿ ಅಂತ ನಮ್ಮ ದೇಶದ ಕೆಲವು ಚಾನೆಲ್‌ಗಳು ತೋರಿಸಿದ್ದು ಆರ್ಮಾ 3 ಅನ್ನೋ ಗೇಮಿನ ದೃಶ್ಯ. ಉಕ್ರೇನ್ ಯುದ್ಧದಲ್ಲೂ ಅದೇ ಕಥೆ. ಕೊನೆಗೆ 2022ರ ನವೆಂಬರಿನಲ್ಲಿ ಆ ಗೇಮ್ ತಯಾರಿಸಿದ ಜೆಕ್ ದೇಶದ ಬೊಹೀಮಿಯಾ ಕಂಪನಿಯೇ ಹೇಳಿಕೆ ಕೊಟ್ಟು, ಸುಳ್ಳು ದೃಶ್ಯ ಪತ್ತೆ ಮಾಡೋದು ಹೆಂಗೆ ಅಂತ ಹೇಳಿಕೊಡ್ತು. ಚಿತ್ರ ಮಸುಕಾಗಿರುತ್ತೆ, ಕ್ಯಾಮೆರಾ ಬೇಕಂತ ಅಲ್ಲಾಡುತ್ತೆ, ಹೆಚ್ಚಾಗಿ ರಾತ್ರಿ ಹೊತ್ತು, ಸದ್ದು ಇರಲ್ಲ, ಓಡಾಡೋ ಮನುಷ್ಯರು ಕಾಣಲ್ಲ, ಹೊಗೆ ಬೆಂಕಿ ಅಸಹಜ. ನಮ್ಮ ಆ ಕ್ಲಿಪ್ ತೆಗೆಸಿ ಇದಕ್ಕೆ ಹೋಲಿಸಿದೆ. ಸ್ವಾಮಿ, ಸದ್ದು ಇರ್ಲಿಲ್ಲ. ಸದ್ದಿಲ್ಲ ಅಂತ ನಾವೇ ಕೆಳಗೆ ಸಂಗೀತ ಸೇರಿಸಿದ್ವಿ! ಅದೇ ಮೇ ತಿಂಗಳಲ್ಲಿ ಗೇಮ್ ದೃಶ್ಯಗಳನ್ನ ಯುದ್ಧ ಅಂತ ಹಂಚ್ತಿದ್ದವರನ್ನ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಬಯಲು ಮಾಡ್ತಾ ಇತ್ತು. ಅದನ್ನೂ ನಾವು ಸುದ್ದಿ ಮಾಡಿದ್ವಿ, ಪಾಕಿಸ್ತಾನಿಗಳ ಸುಳ್ಳು ಅಂತ. ನಮ್ಮದನ್ನ ಮಾತ್ರ ಸದ್ದಿಲ್ಲದೆ ತೆಗೆದುಹಾಕಿದ್ವಿ.

ಆ ನಾಲ್ಕು ದಿನ ಟ್ಯಾಂಕುಗಳು ಗಡಿ ದಾಟಿದ ಕಾಳಗವೇ ನಡೀಲಿಲ್ಲ. ಆದ್ರೂ ಪುರವರದ ಒಂದು ಮನೆಯಲ್ಲಿ ಒಂದು ಟ್ಯಾಂಕು ಎರಡು ದಿನ ಹತ್ತಿ ಉರೀತು. ಆಯಮ್ಮ ಊಟ ಬಿಟ್ಟಿದ್ರಂತೆ. 11ನೇ ತಾರೀಕು ಮಗನ ಫೋನ್ ಬಂತು. ಅದನ್ನ ನನಗೆ ತಿಳಿಸಿದವನೂ ಆ ಹುಡುಗನೇ. "ಅಣ್ಣ ಚೆನ್ನಾಗವ್ನೆ ಸಾರ್. ದೊಡ್ಡಮ್ಮ ಇನ್ಮೇಲೆ ಟೀವಿ ಹಾಕಲ್ವಂತೆ."

ಹಾಗಾಗಿ ಆಯಮ್ಮ ಈಗ ನನ್ನ ಮಾತು ಕೇಳ್ತಿಲ್ಲ. ಕೇಳಿಸಿಕೊಂಡವರು ಯಾರಾದ್ರೂ ಹೇಳಿ. ಆ ಇಪ್ಪತ್ತು ಸೆಕೆಂಡಿನ ದೃಶ್ಯ ಯುದ್ಧದ್ದಲ್ಲ, ವಿಡಿಯೊ ಗೇಮಿನದ್ದು. ಪರೀಕ್ಷೆ ಮಾಡದೆ ತೋರಿಸಿದ್ದು ನಮ್ಮ ತಪ್ಪು, ಕ್ಷಮೆ ಇರಲಿ. ಈ ಸಾಲು ಇವತ್ತು ರಾತ್ರಿಯೆಲ್ಲ ಪರದೆಯ ಕೆಳಗೆ ಓಡ್ತಾ ಇರುತ್ತೆ. ಬ್ರೇಕ್ ಆದ್ಮೇಲೆ ಮಳೆ ಸುದ್ದಿ.