ವಿದೇಶಕ್ಕೆ ತೆರಳುವ ವೈದ್ಯರಿಗೆ ಕೆಲವು ಮಾತುಗಳು



1961ರಲ್ಲಿ ಸ್ಥಾಪಿತವಾಗಿ, ನಮ್ಮ ಕಂಟೋನ್ಮೆಂಟಿನಲ್ಲಿರುವ ಬಳ್ಳಾರಿ ವೈದ್ಯಕೀಯ ಕಾಲೇಜಿನಲ್ಲಿ ಕಲಿತ ತರುಣರು ಕೆಲವರು ಸಮುದ್ರದಾಚೆಗೆ ದೃಷ್ಟಿಯಿಟ್ಟಿರುವರು. ಅವರು ಮೊದಲು ತಿಳಿಯತಕ್ಕದ್ದೇನೆಂದರೆ, ಇಲ್ಲಿಯ ಪದವಿಯು ಅಲ್ಲಿ ತಾನಾಗಿ ಸಲ್ಲದು. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲು 1930ರಲ್ಲಿ ನಮ್ಮ ಪದವಿಗಳ ಮಾನ್ಯತೆಯನ್ನು ನಿಲ್ಲಿಸಿತು. ಅದರ ಫಲವಾಗಿ 1933ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತಿನ ಶಾಸನವು ಹುಟ್ಟಿತು. ಮರಳಿ ದೊರೆತ ಮಾನ್ಯತೆಯು 1975ರಲ್ಲಿ ಪುನಃ ತಪ್ಪಿತು.

ಅಂದಿನಿಂದ ಪರೀಕ್ಷೆಯೇ ಸಾಮಾನ್ಯ ಮಾರ್ಗವು. ಪೂರ್ಣ ನೋಂದಣಿಗೆ ಒಂದು ವರ್ಷದ ಇಂಟರ್ನ್‌ಶಿಪ್ಪೂ ಇಂಗ್ಲಿಷ್ ಜ್ಞಾನದ ಪ್ರಮಾಣವೂ ಅವಶ್ಯ. ಪ್ಲ್ಯಾಬ್ ಪರೀಕ್ಷೆಯ ಮೊದಲ ಭಾಗವನ್ನು ಭಾರತದಲ್ಲಿಯೇ ಕೊಡಬಹುದು. ಎರಡನೆಯದಕ್ಕೆ ಮ್ಯಾಂಚೆಸ್ಟರಿಗೆ ಹೋಗಬೇಕು. ಅಲ್ಲಿ ರೋಗಿಯೊಡನೆ ಮಾತನಾಡುವ ರೀತಿಯೂ ಪರೀಕ್ಷಿತವಾಗುವುದು. ನೋಂದಣಿಯಾದ ಮಾತ್ರಕ್ಕೆ ಉದ್ಯೋಗವು ದೊರೆಯದು. ಅದನ್ನು ಬೇರೆಯಾಗಿ ಅರಸಬೇಕು. ಅಮೆರಿಕೆಯಲ್ಲಾದರೋ ಪರೀಕ್ಷೆಗಳ ತರುವಾಯ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಶಿಕ್ಷಣವನ್ನು ಪಡೆದವನಿಗೇ ಸಾಮಾನ್ಯವಾಗಿ ಸ್ವತಂತ್ರ ಪರವಾನಗಿಯು ಲಭಿಸುವುದು.

ಆದಕಾರಣ ತಾಯ್ತಂದೆಗಳು ಹೊಲವನ್ನು ಒತ್ತೆಯಿಡುವ ಮುನ್ನವೇ ತರುಣನು ದೇಶವನ್ನು ನಿಶ್ಚಯಿಸಲಿ. ಮಧ್ಯವರ್ತಿಯ ಮಾತನ್ನು ನಂಬದೆ ಆಯಾ ಪರಿಷತ್ತಿನ ನಿಯಮಗಳನ್ನು ತಾನೇ ಓದಲಿ. ಹೋಗಲಾಗದಿದ್ದರೂ ನಷ್ಟವಿಲ್ಲ. ರೋಗಿಯ ಅಹವಾಲನ್ನು ತಾಳ್ಮೆಯಿಂದ ಕೇಳುವ ವಿದ್ಯೆಯು ಸಿರುಗುಪ್ಪ, ಕುರುಗೋಡುಗಳಲ್ಲಿಯೂ ಅಷ್ಟೇ ಬೇಕಾದುದು.